ರೈಲಿನಲ್ಲಿ ಬಂದ ಬುಕ್‌ಮಾರ್ಕು

೧೯೮೮ನೇ ಇಸವಿಯಲ್ಲಿ ನಾನು ಓದು ನಿಲ್ಲಿಸಿದೆ. ಒಂಬತ್ತನೇ ಕ್ಲಾಸು ಪಾಸಾಗಿಯೇ ನಿಲ್ಲಿಸಿದ್ದು, ಫೇಲಾಗಿ ಅಲ್ಲ. ಜನ ಕೇಳುವ ಮೊದಲೇ ಇದನ್ನು ಹೇಳಿಬಿಡುವುದು ನನ್ನ ಅಭ್ಯಾಸ. ಮಾರನೇ ವಾರವೇ ತುಮಕೂರಿನ ಒಂದು ವೆಲ್ಡಿಂಗ್ ಶಾಪಿನಲ್ಲಿ ಕಬ್ಬಿಣದ ಪಟ್ಟಿ ಹಿಡಿದುಕೊಂಡು ನಿಂತೆ. ಇವತ್ತು ಶಿರಾಗೇಟಿನಿಂದ ಗೂಳೂರಿನವರೆಗೆ ಯಾವ ಬೀದಿಯಲ್ಲಿ ಬೇಕಾದರೂ ಹೋಗಿ ನೋಡಿ, ನಾನು ಮಾಡಿದ ಗೇಟು ಸಿಕ್ಕೇ ಸಿಗುತ್ತದೆ. ತಳ್ಳಿ ನೋಡಿ, ಕಿರ್ ಅನ್ನುವುದಿಲ್ಲ! ಇಷ್ಟಿದ್ದರೂ ನಮ್ಮ ನೆಂಟರಿಷ್ಟರಲ್ಲಿ ಬುದ್ಧಿವಂತ ಅನ್ನಿಸಿಕೊಂಡವನು ನಾನಲ್ಲ. ಆ ಪಟ್ಟ ನನ್ನ ಷಡ್ಡಕರದ್ದು, ಅಂದರೆ ನನ್ನ ಹೆಂಡತಿಯ ಅಕ್ಕನ ಗಂಡನದ್ದು. ಎಂ.ಎಸ್ಸಿ. ಓದಿ, ಗುಬ್ಬಿಯಲ್ಲಿ ಭೌತಶಾಸ್ತ್ರದ ಮೇಷ್ಟ್ರಾಗಿದ್ದು ರಿಟೈರಾದವರು. ಮತ್ತು, ನನಗೆ ತಿಳಿದ ಮಟ್ಟಿಗೆ, ಇಂಟರ್ನೆಟ್ಟನ್ನು ಜೇಬಿಗೆ ಹಾಕಿಕೊಂಡು ಪ್ಯಾಸೆಂಜರ್ ರೈಲಿನಲ್ಲಿ ಊರಿಂದೂರಿಗೆ ಸಾಗಿಸಿದ ಪ್ರಪಂಚದ ಏಕೈಕ ಮನುಷ್ಯ!

ಷಡ್ಡಕ ಸಂಬಂಧದ ಕಷ್ಟ ಅನುಭವಿಸಿದವರಿಗೇ ಗೊತ್ತು. ಒಂದೇ ಮಾವನ ಮನೆ, ಎರಡು ಎಲೆ. ಯಾರ ಎಲೆಗೆ ತುಪ್ಪ ಜಾಸ್ತಿ ಬಿತ್ತು ಅಂತ ಇಬ್ಬರೂ ಕಡೆಗಣ್ಣಲ್ಲಿ ನೋಡುತ್ತಲೇ ಊಟ ಮುಗಿಸಬೇಕು. ಅವರಿಗೆ ಓದಿನ ಜಂಬ, ನನಗೆ ದುಡಿಮೆಯ ಜಂಬ. ಅವರು ನನ್ನನ್ನು "ಏನಯ್ಯಾ ಕೈಗಾರಿಕೋದ್ಯಮಿ" ಅನ್ನುವರು. ನಾನು "ಏನಿಲ್ಲ ಬನ್ನಿ ವಿಜ್ಞಾನಿಗಳೇ" ಅನ್ನುವೆ. ನೋಡಿದವರು ಆಹಾ ಎಂಥಾ ಸಲಿಗೆ ಅನ್ನುತ್ತಿದ್ದರು. ಒಳಗೊಳಗೆ ಇಬ್ಬರಿಗೂ ಸ್ವಲ್ಪ ಉರಿ ಇತ್ತು, ಸುಳ್ಳು ಯಾಕೆ ಹೇಳಲಿ!

ನಮ್ಮ ಷಡ್ಡಕರ ಜೀವನದ ಸಿದ್ಧಾಂತ ಒಂದೇ: ಯಾವುದನ್ನೂ ಒಂದೇ ಕಡೆ ಇಡಬಾರದು. ಪ್ಯಾಂಟಿಗೆ ಬೆಲ್ಟೂ ಹಾಕುತ್ತಾರೆ, ಒಳಗೆ ಲಾಡಿಯನ್ನೂ ಬಿಗಿಯುತ್ತಾರೆ. ಗುಬ್ಬಿಯ ಮನೆಯಲ್ಲೊಂದು ಛತ್ರಿ, ತುಮಕೂರಿನ ನಮ್ಮ ಮನೆಯಲ್ಲೊಂದು, ಸ್ಟೇಷನ್ ಪಕ್ಕದ ಟೀ ಅಂಗಡಿಯಲ್ಲೊಂದು. ಮಳೆ ಬಂದಾಗ ಮೂರು ಛತ್ರಿಯೂ ಮೂರು ಕಡೆ ಬೆಚ್ಚಗೆ ಒಣಗಿಕೊಂಡಿರುತ್ತವೆ, ಇವರು ನಾಲ್ಕನೆಯ ಕಡೆ ನೆನೆಯುತ್ತಿರುತ್ತಾರೆ!

ಪಾಸ್‌ವರ್ಡಿನ ವಿಷಯದಲ್ಲಂತೂ ಕೇಳಲೇಬೇಡಿ. ಬ್ಯಾಂಕಿನ ಪಾಸ್‌ವರ್ಡು ಮರೆತರೆ ಕಷ್ಟ, ಒಬ್ಬರಿಗೇ ಹೇಳಿದರೆ ಅಪಾಯ. ಅದಕ್ಕೆ ಮೊದಲರ್ಧ ನನಗೆ ಬಾಯಿಪಾಠ ಮಾಡಿಸಿದ್ದರು, ಉಳಿದರ್ಧ ಗೂಳೂರಿನಲ್ಲಿರುವ ಅವರ ಚಿಕ್ಕಪ್ಪನ ಮಗನಿಗೆ. ಒಮ್ಮೆ ದೇವರಾಯನದುರ್ಗದಲ್ಲಿ ನೆಂಟರ ಮಗುವಿನ ನಾಮಕರಣ. ಅಡುಗೆಯವರಿಗೆ ಫೋನಿನಲ್ಲೇ ದುಡ್ಡು ಹಾಕ್ತೀನಿ ಅಂತ ಇವರೇ ಮುಂದೆ ಬಿದ್ದರು. ಪಾಸ್‌ವರ್ಡು ಮರೆತಿತ್ತು. ನಮ್ಮಿಬ್ಬರನ್ನೂ ಮಂಟಪದ ಎರಡು ತುದಿಗೆ ನಿಲ್ಲಿಸಿದರು. ನನ್ನ ಹತ್ತಿರ ಬಂದು ಕಿವಿಗೊಟ್ಟು ಅರ್ಧ ಕೇಳಿಸಿಕೊಂಡರು. ಮರೆಯದ ಹಾಗೆ ತುಟಿ ಆಡಿಸುತ್ತಾ ಆ ತುದಿಗೆ ಓಡಿದರು. ಅಲ್ಲಿ ಇನ್ನರ್ಧ ಕೇಳುವಷ್ಟರಲ್ಲಿ ಮೊದಲರ್ಧ ಮರೆತು ವಾಪಸ್ಸು ನನ್ನ ಹತ್ತಿರ ಓಡಿ ಬಂದರು. ಸೌಟು ಹಿಡಿದು ನೋಡುತ್ತಿದ್ದ ಅಡುಗೆಯವನು ಕೊನೆಗೆ ಕೇಳಿದ: "ಸ್ವಾಮಿ, ನೀವು ದುಡ್ಡು ಕೊಡ್ತಾ ಇದೀರೋ, ಇಬ್ರು ಗುರುಗಳ ಹತ್ರ ಉಪದೇಶ ತಗೋತಾ ಇದೀರೋ?"

ಇಂಥವರ ಕಂಪ್ಯೂಟರಿನಲ್ಲಿ ಒಂದೇ ಬ್ರೌಸರ್ ಇರುತ್ತದೆಯೇ? ನಾಲ್ಕಿದ್ದವು! ಬ್ರೌಸರ್ ಅಂದರೆ ಇಂಟರ್ನೆಟ್ಟಿಗೆ ಹೋಗುವ ಗೇಟು ಅಂತ ನಾನು ಅರ್ಥ ಮಾಡಿಕೊಂಡಿದ್ದೇನೆ. ಅದನ್ನು ಮಾಡುವ ಕಂಪನಿಗಳು ಬೇರೆ ಬೇರೆ, ಒಬ್ಬರನ್ನು ಕಂಡರೆ ಒಬ್ಬರಿಗೆ ಆಗುವುದಿಲ್ಲ. ಇವರು ಬ್ಯಾಂಕಿಗೆ ಒಂದು ಗೇಟು, ಪೇಪರ್ ಓದಲು ಒಂದು, ವಚನ ಭಜನೆ ಕೇಳಲು ಒಂದು ಇಟ್ಟಿದ್ದರು. ನಾಲ್ಕನೆಯದು ಯಾತಕ್ಕೆ ಅಂದರೆ, "ಅನುಮಾನ ಬಂದ ಕಡೆಗೆ ಹೋಗೋಕೆ" ಅನ್ನುತ್ತಿದ್ದರು. ರಿಟೈರಾದ ಮೇಷ್ಟ್ರಿಗೆ ಎಂಥ ಅನುಮಾನ ಬಂದೀತು ಅಂತ ನಾನು ಕೇಳಲು ಹೋಗಲಿಲ್ಲ.

"ಒಂದೇ ಬ್ರೌಸರಿಗೆ ಎಲ್ಲಾ ಗೊತ್ತಾಗಬಾರ್ದು ಕಣಯ್ಯ. ನೀನು ಒಬ್ಬನೇ ನೆಂಟನ ಹತ್ರ ಮನೆ ವಿಷಯ ಎಲ್ಲಾ ಹೇಳ್ಕೋತೀಯಾ?"

"ನಾನು ಯಾರ ಹತ್ರಾನೂ ಹೇಳಲ್ಲ ಅಣ್ಣ. ನಿಮ್ಮ ನಾದಿನಿ ಹೇಳ್ತಾಳೆ."

ನಿಜವಾಗಿ ಹೇಳುತ್ತಿದ್ದಳು. ಅಕ್ಕನಿಗೆ. ಅಕ್ಕ-ತಂಗಿಗೆ ಹತ್ತು ವರ್ಷದ ಅಂತರ. ಕುಣಿಗಲ್ಲಿನ ಕೆರೆ ಏರಿಯ ಹತ್ತಿರದ ಬಾಡಿಗೆ ಮನೆಯಲ್ಲಿ ಇವಳನ್ನು ಸೊಂಟದ ಮೇಲೆ ಹೊತ್ತು, ಬೆಳಿಗ್ಗೆ ಕುದುರೆ ಫಾರಮ್ಮಿನ ಕುದುರೆಗಳನ್ನು ತೋರಿಸಿ ಅನ್ನ ತಿನ್ನಿಸಿದವಳೇ ಅಕ್ಕ. ಮದುವೆಯಾಗಿ ಒಬ್ಬಳು ಗುಬ್ಬಿಗೆ, ಒಬ್ಬಳು ತುಮಕೂರಿಗೆ ಬಂದ ಮೇಲೂ ನಮ್ಮ ಮನೆಯಲ್ಲಿ ಉಪ್ಪಿಟ್ಟು ಸೀದರೆ ಗುಬ್ಬಿಯಲ್ಲಿ ಕೆಮ್ಮುತ್ತಿದ್ದರು. ಗಂಡಂದಿರು ನಾವು ಎಷ್ಟೇ ಪೈಪೋಟಿ ಮಾಡಲಿ, ಎರಡೂ ಮನೆಯ ಗುಟ್ಟು ಇಬ್ಬರ ಹತ್ತಿರವೂ ಇರುತ್ತಿತ್ತು.

ಸ್ಮಾರ್ಟ್ ಫೋನು ಬಂದಾಗ ಷಡ್ಡಕರು ತಮ್ಮ ಸಿದ್ಧಾಂತವನ್ನು ಮುರಿದು, ಅಕ್ಕನ ನಂಬರಿನಲ್ಲಿ ಒಂದೇ ಖಾತೆ ತೆರೆದು, ಅಕ್ಕ-ತಂಗಿ ಇಬ್ಬರ ಫೋನಿಗೂ ಒಂದೇ ಬ್ರೌಸರ್ ಹಾಕಿ, ಒಂದೇ ಪಾಸ್‌ವರ್ಡು ಕೊಟ್ಟರು. ಯಾಕಣ್ಣ ಅಂದೆ. "ಬೇರೆ ಬೇರೆ ಕೊಟ್ರೂ ವಾರದಲ್ಲಿ ಹೇಳ್ಕೊಂಡ್ ಬಿಡ್ತಾರೆ. ದಂಡ ಯಾಕೆ?" ಅಂದರು. ಅವರ ವಿದ್ಯೆಯ ಮೇಲೆ ನನಗೆ ಗೌರವ ಮೂಡಿದ ಮೊದಲ ಸಂದರ್ಭ ಅದು.

ಇದರಿಂದ ಆದದ್ದು ಏನೆಂದರೆ, ಓದುತ್ತಿರುವ ಪುಟ ಮತ್ತೆ ಬೇಕು ಅಂತ ಒಬ್ಬಳು ಬುಕ್‌ಮಾರ್ಕ್ ಮಾಡಿದರೆ ಇನ್ನೊಬ್ಬಳ ಫೋನಿನಲ್ಲೂ ಅದು ಕಾಣುವುದು. ನನ್ನ ಹೆಂಡತಿ ಅದಕ್ಕೆ ಬುಕ್‌ಮಾರ್ಕ್ ಅನ್ನಲೇ ಇಲ್ಲ. ಮರೆಯಬಾರದ ವಿಷಯಕ್ಕೆ ಹೆಂಗಸರು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಾರಲ್ಲ, ಅದಕ್ಕೆ ಇದನ್ನೂ ಗಂಟು ಅಂದಳು. "ಅಕ್ಕ ಇವತ್ತು ನುಗ್ಗೆಸೊಪ್ಪಿನ ಪಲ್ಯಕ್ಕೆ ಗಂಟು ಹಾಕವ್ಳೆ" ಅಂದರೆ ಮಾರನೇ ದಿನ ನಮ್ಮಲ್ಲೂ ನುಗ್ಗೆಸೊಪ್ಪು. ರಂಗೋಲಿ, ರವಿಕೆಯ ತೋಳು, ಶನಿವಾರದ ಉಪವಾಸ, ಎಲ್ಲಾ ಎರಡೂ ಊರಿನಲ್ಲಿ ಒಟ್ಟಿಗೆ. ಒಂದು ಸೆರಗು, ಎರಡು ಹೆಗಲು.

ಆಮೇಲೆ ಕುಣಿಗಲ್ಲಿನಲ್ಲಿ ಅತ್ತೆ ತೀರಿಕೊಂಡರು. ಕೊನೆಯ ದಿನಗಳಲ್ಲಿ ನೋಡಿಕೊಂಡವರು ಅಕ್ಕ. ನನ್ನ ಹೆಂಡತಿಗೆ ಆಗ ಟೈಫಾಯಿಡು, ಮೇಲೇಳುವ ಹಾಗಿರಲಿಲ್ಲ. ಕಾರ್ಯವೆಲ್ಲ ಮುಗಿದು ಬಾಡಿಗೆ ಮನೆ ಖಾಲಿ ಮಾಡುವ ದಿನ ಪಾತ್ರೆ ಪಡಗ ಹಂಚಿಕೊಳ್ಳುವಾಗ ಅಮ್ಮನ ಒರಳುಕಲ್ಲಿನ ವಿಷಯಕ್ಕೆ ಮಾತು ಬಂತು. ನನಗಿರಲಿ ಅಂದಳು ಇವಳು. ನನಗಿರಲಿ ಅಂದರು ಅಕ್ಕ. ಮಾತಿಗೆ ಮಾತು ಬೆಳೆದು ಅಕ್ಕ ಒಂದು ಮಾತು ಅಂದುಬಿಟ್ಟರು: "ಅಮ್ಮ ಕೊನೇಲಿ ನಿನ್ನ ಹೆಸರೇ ಎತ್ತಲಿಲ್ಲ."

ನನ್ನ ಹೆಂಡತಿ ಒರಳನ್ನು ನನ್ನ ಟೆಂಪೋಗೆ ಹಾಕಿಸಿದಳು. ಅಕ್ಕ ಅದರ ರುಬ್ಬುಗುಂಡನ್ನು ತಮ್ಮ ಕಾರಿಗೆ ಹಾಕಿಸಿಕೊಂಡರು. ಒರಳು ತುಮಕೂರಿಗೆ, ಗುಂಡು ಗುಬ್ಬಿಗೆ! ಎರಡೂ ಮನೆಯಲ್ಲಿ ಗ್ರೈಂಡರ್ ಇರುವುದರಿಂದ ಹಿಟ್ಟಿಗೇನೂ ತೊಂದರೆಯಾಗಲಿಲ್ಲ. ಆದರೆ ಅವತ್ತಿನಿಂದ ಫೋನು ಬಂದ್. ಒಂದು ಯುಗಾದಿ ಹೋಯಿತು, ಇನ್ನೊಂದೂ ಹೋಯಿತು. ಇಬ್ಬರೂ ಬೇವು ತಿಂದರು, ಬೆಲ್ಲ ತಿನ್ನಲಿಲ್ಲ.

ಷಡ್ಡಕರಿಗೆ ತಡೆಯಲಾಗಲಿಲ್ಲ. ಒಂದು ದಿನ ಹೆಂಡತಿ ಪಕ್ಕದ ಮನೆಗೆ ಹೋಗಿದ್ದಾಗ ಆ ಗುಂಡುಕಲ್ಲನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದರು. ಕಂಡಕ್ಟರು ಚೀಲ ಮುಟ್ಟಿ ನೋಡಿ, "ಏನ್ ಸಾರ್ ಇದು, ಕಲ್ಲು ಹೊತ್ಕೊಂಡ್ ಹೋಯ್ತಾ ಇದೀರಾ?" ಅಂದನಂತೆ. "ಸಂಧಾನ" ಅಂದರಂತೆ ಇವರು. "ಹಂಗಂದ್ರೆ ಲಗೇಜು, ಟಿಕೆಟ್ ತಗೊಳ್ಳಿ" ಅಂದನಂತೆ ಅವನು. ಏದುಸಿರು ಬಿಡುತ್ತಾ ನಮ್ಮ ಜಗುಲಿಯ ಮೇಲೆ ಇಳಿಸಿದರು. ನನ್ನ ಹೆಂಡತಿ ಅದನ್ನು ನೋಡಿದಳು, ಅವರಿಗೆ ಮಜ್ಜಿಗೆ ಕೊಟ್ಟಳು. "ಅವಳು ಕಳಿಸಿದ್ಲಾ ಭಾವ?" ಅಂದಳು. ಮೇಷ್ಟ್ರಿಗೆ ಆಗಿನ್ನೂ ಸುಳ್ಳು ಹೇಳಲು ಬರುತ್ತಿರಲಿಲ್ಲ. "ಹಂಗಾದ್ರೆ ವಾಪಸ್ ತಗೊಂಡೋಗಿ" ಅಂದಳು. ಲಗೇಜಿನ ಟಿಕೆಟ್ಟು ಎರಡೂ ಕಡೆ!

ಆದರೆ ಒಂದು ಸಂಗತಿ ಇಬ್ಬರೂ ಬಾಯಿ ಬಿಟ್ಟು ಹೇಳದೆ ನಡೆಸಿಕೊಂಡು ಬಂದಿದ್ದರು. ಗಂಟು ಹಾಕುವುದನ್ನು ಯಾರೂ ನಿಲ್ಲಿಸಿರಲಿಲ್ಲ. ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ನನ್ನ ಹೆಂಡತಿ ಅಡುಗೆಮನೆ ಹೊಸ್ತಿಲ ಮೇಲೆ ಕೂತು ಫೋನು ನೋಡುವಳು.

"ಯಾರಿಗೋ ಮಂಡಿನೋವಂತೆ" ಅನ್ನುವಳು.

"ಯಾರಿಗೆ?"

"ಯಾರಿಗೋ. ಎಳ್ಳೆಣ್ಣೆ ಹಚ್ಚೋದಕ್ಕೆ ಗಂಟು ಹಾಕವ್ರೆ."

ಮಾರನೇ ದಿನ ಇವಳು ಮಂಡಿಗೆ ಕೂತಲ್ಲೇ ಮಾಡುವ ವ್ಯಾಯಾಮದ ಪುಟವೊಂದನ್ನು ಹುಡುಕಿ ಗಂಟು ಹಾಕುವಳು. ಇವಳ ಮಂಡಿ ನನ್ನ ಗೇಟಿನ ಕೀಲಿಗಿಂತ ಗಟ್ಟಿ! ಆ ಕಡೆಯಿಂದ ಸಕ್ಕರೆ ಕಾಯಿಲೆಯವರು ತಿನ್ನಬಹುದಾದ ಹಣ್ಣುಗಳು ಅಂತ ಬರುವುದು. ಗುಬ್ಬಿಯಲ್ಲಿ ಯಾರಿಗೂ ಸಕ್ಕರೆ ಇಲ್ಲ, ಇರುವುದು ನನಗೆ. "ಯಾರೋ ಹಾಕವ್ರೆ" ಅಂದು ಇವಳು ಸೀಬೆಹಣ್ಣು ತಂದು ಕೊಡುವಳು. ಹೀಗೆ ನಮ್ಮಿಬ್ಬರ ಮನೆಯಲ್ಲೂ "ಯಾರೋ" ಅನ್ನುವ ಒಬ್ಬ ಹೆಂಗಸು ಓಡಾಡಿಕೊಂಡಿದ್ದಳು. ಹೆಸರು ಹೇಳುವ ಹಾಗಿಲ್ಲ, ಬಿಟ್ಟು ಇರುವ ಹಾಗಿಲ್ಲ.

ಒಂದು ದಿನ ಬಟ್ಟೆ ನೆನೆಹಾಕುವಾಗ ಇವಳ ಫೋನು ಬಕೆಟ್ಟಿಗೆ ಬಿತ್ತು. ಅಕ್ಕಿಯಲ್ಲಿ ಹೂತಿಟ್ಟೆವು, ಬಿಸಿಲಿಗೆ ಇಟ್ಟೆವು, ಅದು ಕಣ್ಣು ಬಿಡಲಿಲ್ಲ. ನಾನು ದುಡಿಯುವ ಗಂಡಸು, ಅದಕ್ಕಿಂತ ದೊಡ್ಡ ಫೋನು ತಂದುಕೊಟ್ಟೆ. ಆದರೆ ಅದರ ಜೊತೆ ಬಂದ ಬ್ರೌಸರು ಬೇರೆ ಕಂಪನಿಯದು. ಹಳೆಯ ಗಂಟು ಒಂದೂ ಅದರಲ್ಲಿ ಇಲ್ಲ. ಗ್ಯಾಸ್ ಬುಕ್ಕಿಂಗು, ಕರೆಂಟು ಬಿಲ್ಲು, ಎಲ್ಲದರ ಪಾಸ್‌ವರ್ಡೂ ಆ ಹಳೇ ಖಾತೆಯಲ್ಲೇ ಉಳಿದವು. ಸ್ವಲ್ಪ ದಿನ ನಮ್ಮ ಮನೆಯ ಸಿಲಿಂಡರನ್ನು ಷಡ್ಡಕರು ಗುಬ್ಬಿಯಿಂದ ಬುಕ್ ಮಾಡಬೇಕಾಯಿತು. ಶಿರಾಗೇಟಿನ ನಮ್ಮ ಮನೆಯಲ್ಲಿ ಒಲೆ ಉರಿಯಬೇಕಾದರೆ ಗುಬ್ಬಿಯವರು ಮನಸ್ಸು ಮಾಡಬೇಕು! ನನ್ನಂಥ ಮಾನಿಷ್ಠನಿಗೆ ಹೇಗಾಗಬೇಡ?

ಹೊಸ ಫೋನಿಗೂ ಹಳೇ ಬ್ರೌಸರನ್ನೇ ಹಾಕಿಕೊಂಡರಾಯಿತಲ್ಲ ಅನ್ನುತ್ತೀರಿ. ನಾನೂ ಅಂದೆ. ಹಾಕಬಹುದು, ಆದರೆ ಅದು ಗುರುತು ಕೇಳುತ್ತದೆ. ಖಾತೆ ಇರುವುದು ಅಕ್ಕನ ನಂಬರಿನಲ್ಲಿ. ಹೊಸ ಫೋನಿನಿಂದ ಒಳಗೆ ಬರಬೇಕಾದರೆ ಗುಬ್ಬಿಯಲ್ಲಿ ಅಕ್ಕನ ಫೋನಿಗೆ ಒಂದು ಪ್ರಶ್ನೆ ಹೋಗುತ್ತದೆ: ಯಾರೋ ಒಳಗೆ ಬರುತ್ತಿದ್ದಾರೆ, ಬಿಡಲೇ? ಅಕ್ಕ ಬೆರಳಿಟ್ಟು ಹೌದು ಅನ್ನಬೇಕು.

"ನಾನೇ ಹೋಗಿ ಅವಳ ಬಾಗಿಲು ತಟ್ಬೇಕಾ?" ಅಂದಳು ನನ್ನ ಹೆಂಡತಿ. "ಯಾರಿಗೆ ಬೇಕು ಆ ಗಂಟು!" ಅಂದಳು. ಅಂದವಳು ಮಧ್ಯಾಹ್ನ ಅದೇ ಹೊಸ್ತಿಲ ಮೇಲೆ ಹೊಸ ಫೋನು ಹಿಡಿದು ಕೂತು, ಖಾಲಿ ಪಟ್ಟಿಯನ್ನು ಮೇಲಿಂದ ಕೆಳಗೆ ಸರಿಸುತ್ತಿದ್ದಳು. ಖಾಲಿ ಪಟ್ಟಿಯಲ್ಲಿ ಸರಿಸಲು ಏನಿರುತ್ತದೆ ಹೇಳಿ?

ನಾನು ಷಡ್ಡಕರಿಗೆ ಫೋನು ಮಾಡಿದೆ. "ಅಣ್ಣ, ಅತ್ತಿಗೆ ಫೋನು ಮನೇಲೇ ಇರುತ್ತಲ್ಲ, ನೀವೇ ಹೌದು ಅಂತ ಒತ್ತಿಬಿಡಿ."

"ಅದು ಅವಳ ಬೆರಳೇ ಕೇಳುತ್ತೆ ಕಣಯ್ಯ. ಮಲಗಿರೋಳ ಹತ್ರ ಹೆಬ್ಬೆಟ್ಟು ಒತ್ತಿಸ್ಕೊಳ್ಳೋಕೆ ನಾನೇನು ಆಸ್ತಿ ಬರೆಸ್ಕೊಳ್ತಾ ಇದೀನಾ?"

ಅಲ್ಲಿಂದ ಅವರಿಗೆ ಹುಚ್ಚು ಹಿಡಿಯಿತು. ಒಂದು ಬ್ರೌಸರಿನ ಗಂಟು ಇನ್ನೊಂದು ಬ್ರೌಸರಿಗೆ ತಾನಾಗಿ ಯಾಕೆ ಹೋಗಬಾರದು? ಇಂಗ್ಲಿಷಿನಲ್ಲಿ ಎರಡೂ ಕಂಪನಿಗೆ ಉದ್ದುದ್ದ ಮೇಲ್ ಬರೆದರು. ನನಗೆ ಕನ್ನಡದಲ್ಲಿ ಓದಿ ಹೇಳಿದರು. ಸಾರಾಂಶ ಇಷ್ಟು: ಪೈಪೋಟಿ ಮಾಡ್ರಪ್ಪ, ಬೇಡ ಅನ್ನಲ್ಲ. ಆದರೆ ದಾಯಾದಿಗಳ ಜಗಳಕ್ಕೆ ಜನರ ಗಂಟನ್ನು ಯಾಕೆ ಬಿಗಿ ಹಿಡಿದಿದ್ದೀರಿ? ಎಲ್ಲರೂ ಸೇರಿ ಒಂದೇ ಕಡೆ ಇಡಿ, ಯಾವ ಗೇಟಿನಿಂದ ಬಂದವರಿಗೂ ಸಿಗಲಿ.

ಯಾವುದನ್ನೂ ಒಂದೇ ಕಡೆ ಇಡಬಾರದು ಅನ್ನುತ್ತಿದ್ದ ಮನುಷ್ಯ! ನನಗೆ ನಗು ಬಂತು, ಆದರೆ ವಿಷಯ ಮನಸ್ಸಿಗೆ ಹೊಕ್ಕಿತು. ಯಾಕೆಂದರೆ ನಮ್ಮ ಸಾಲಿನಲ್ಲಿ ಮೂರು ವೆಲ್ಡಿಂಗ್ ಶಾಪಿದೆ. ಗಿರಾಕಿ ಬಂದರೆ ಮೂವರೂ ಎದ್ದು ನಿಲ್ಲುತ್ತೇವೆ, ಒಬ್ಬರ ರೇಟು ಒಬ್ಬರು ಮುರಿಯುತ್ತೇವೆ. ಆದರೆ ಪೈಪು ಬಗ್ಗಿಸುವ ಮಷೀನು ಮೂವರಿಗೂ ಸೇರಿ ಒಂದೇ. ಈಗಲೂ ದಿನಾ ಇದೇ ಮಾತು:

"ಏನ್ಲಾ, ನನ್ನ ಗಿರಾಕಿನೂ ಕಿತ್ಕೊಂಡೆ, ಈಗ ಮಷೀನೂ ಬೇಕಾ?"

"ಗಿರಾಕಿ ಬೇರೆ, ಮಷೀನ್ ಬೇರೆ ಕಣ್ಲಾ. ತಳ್ಳು ಇತ್ಲಾಗೆ!"

ಬೈದುಕೊಂಡೇ ತಳ್ಳುತ್ತಾನೆ, ಆದರೆ ತಳ್ಳುತ್ತಾನೆ. ಇದನ್ನು ಕೇಳಿ ಷಡ್ಡಕರು ಆ ಮಷೀನಿನ ವಿಷಯವನ್ನೂ ಸೇರಿಸಿ ಮತ್ತೊಂದು ಮೇಲ್ ಬರೆದರು. ನಿಮ್ಮ ಅಮೂಲ್ಯ ಅಭಿಪ್ರಾಯಕ್ಕೆ ಧನ್ಯವಾದ ಅಂತ ಯಂತ್ರದ ಉತ್ತರ ಬಂತು. ಅದನ್ನು ಪ್ರಿಂಟು ತೆಗೆಸಿ ಲ್ಯಾಮಿನೇಷನ್ ಮಾಡಿಸಿ ಇಟ್ಟುಕೊಂಡಿದ್ದಾರೆ!

ಕಂಪನಿಗಳು ಕೂಡಲಿಲ್ಲ ಅಂತ ಇವರು ಸುಮ್ಮನಾಗುವವರೇ? ಅವರ ಮನೆಯ ಕಂಪ್ಯೂಟರಿನಲ್ಲೂ ಆ ಖಾತೆ ತೆರೆದೇ ಇತ್ತು. ಅದರಿಂದ ಅಕ್ಕನ ಗಂಟುಗಳನ್ನೆಲ್ಲ ಒಂದು ಫೈಲು ಮಾಡಿ, ಪೆನ್‌ಡ್ರೈವಿಗೆ ತುಂಬಿ, 'ಹಲ್ಲಿನ ಡಾಕ್ಟರ ಹತ್ತಿರ ಹೋಗಿ ಬರ್ತೀನಿ' ಅಂತ ಅಕ್ಕನಿಗೆ ಹೇಳಿ, ಗುರುವಾರ ಬೆಳಿಗ್ಗೆ ಗುಬ್ಬಿಯಲ್ಲಿ ಪ್ಯಾಸೆಂಜರ್ ರೈಲು ಹತ್ತಿದರು. ಮೇಲ್ ಮಾಡಬಹುದಿತ್ತಲ್ಲ ಅಣ್ಣ ಅಂದರೆ, "ಅಕ್ಕ-ತಂಗಿ ವಿಷಯ ದಾರೀಲಿ ಯಾರಾದ್ರೂ ಓದಿದ್ರೆ?" ಅಂದರು. ಎಳ್ಳೆಣ್ಣೆ ವಿಷಯ ಓದಿ ಯಾರು ಏನು ಮಾಡಿಕೊಳ್ಳುತ್ತಿದ್ದರೋ ಆ ಭಗವಂತನಿಗೇ ಗೊತ್ತು.

ಅಲ್ಲಿಂದ ಪ್ರತಿ ಗುರುವಾರವೂ ಇದೇ ಕಥೆ. ನಾನು ಸ್ಕೂಟರಿನಲ್ಲಿ ಸ್ಟೇಷನ್ನಿಗೆ ಹೋಗಿ ಕರೆದುಕೊಂಡು ಬರುತ್ತಿದ್ದೆ. ನನ್ನ ವರ್ಕ್‌ಶಾಪಿನ ಲೆಕ್ಕದ ಕಂಪ್ಯೂಟರಿನಲ್ಲಿ, ಇವಳ ಹೊಸ ಬ್ರೌಸರಿನ ಖಾತೆಯೊಳಗೆ ಆ ಫೈಲನ್ನು ಇಳಿಸುವರು, ಅದು ಇವಳ ಫೋನಿನಲ್ಲೂ ಕಾಣುವುದು. ಗುಬ್ಬಿಗೆ ಒಯ್ಯಲು ಇವಳು ಹಾಕಿದ ಗಂಟುಗಳನ್ನು ತುಂಬಿಕೊಳ್ಳುವರು. ಅದು ಕಾಲು ಗಂಟೆಯ ಕೆಲಸ. ಉಳಿದ ಹೊತ್ತು ಒಂದು ಸ್ಟೂಲು ಎಳೆದುಕೊಂಡು ಕೂತು ನನ್ನ ಕೆಲಸ ನೋಡುವರು.

"ಕಬ್ಬಿಣ ಕಾದಾಗ ಯಾಕೆ ಹಿಗ್ಗುತ್ತೆ ಗೊತ್ತೇನಯ್ಯ?"

"ಯಾಕೆ ಅಂತ ಗೊತ್ತಿಲ್ಲ. ಎಷ್ಟು ಅಂತ ಗೊತ್ತು."

"ಎಷ್ಟು ಅಂತ ಹೇಳು, ಯಾಕೆ ಅಂತ ನಾನು ಹೇಳ್ತೀನಿ."

ಹೀಗೆ ಅರ್ಧರ್ಧ ಹೇಳಿಕೊಳ್ಳುತ್ತಾ ಎಷ್ಟೋ ಗುರುವಾರಗಳು ಕಳೆದವು. ನಾಲ್ಕು ಗಂಟೆಗೆ ಇಬ್ಬರೂ ಟೀ ಕುಡಿಯುತ್ತಿದ್ದೆವು, ನನಗೆ ಸಕ್ಕರೆ ಇಲ್ಲದ್ದು, ಅವರಿಗೆ ಸಕ್ಕರೆ ಜಾಸ್ತಿ. ಆಮೇಲೆ ಅವರು ಮೂವತ್ತೆರಡು ಗಟ್ಟಿ ಹಲ್ಲು ಕಿರಿಯುತ್ತಾ ಡಾಕ್ಟರ ಹತ್ತಿರ ಹೋಗಿದ್ದವರ ಹಾಗೆ ದವಡೆ ಹಿಡಿದುಕೊಂಡು ರೈಲು ಹತ್ತುವರು.

ಇಲ್ಲೊಂದು ಎಡವಟ್ಟಾಯಿತು. ಎಂ.ಎಸ್ಸಿ.ಯವರು ಗಮನಿಸದೇ ಇದ್ದದ್ದು ಏನೆಂದರೆ, ಅವರು ಪ್ರತಿ ಸಲವೂ ಹೊಸ ಗಂಟನ್ನಷ್ಟೇ ತರುತ್ತಿರಲಿಲ್ಲ, ಮೊದಲಿನಿಂದ ಇದ್ದದ್ದನ್ನೆಲ್ಲ ತರುತ್ತಿದ್ದರು. ಈ ಬ್ರೌಸರು ಅದು ಹಳೆಯದು ಅಂತ ಗುರುತು ಹಿಡಿಯದೆ ಎಲ್ಲವನ್ನೂ ಮತ್ತೆ ಮತ್ತೆ ಕೆಳಗೆ ಸೇರಿಸಿಕೊಂಡಿತು. ಗುರುವಾರಗಳು ಕಳೆದಂತೆ ಇವಳ ಪಟ್ಟಿಯಲ್ಲಿ ಮಂಡಿನೋವಿನ ಎಣ್ಣೆ, ಮಂಡಿನೋವಿನ ಎಣ್ಣೆ, ಮಂಡಿನೋವಿನ ಎಣ್ಣೆ. ಮಧ್ಯದಲ್ಲಿ ಅಕ್ಕ ಎಲ್ಲೋ ಒಂದು ಸಲ ಹಾಕಿದ್ದ 'ಮಂಡಿ ಆಪರೇಷನ್ ಆದ ಮೇಲೆ ಎಚ್ಚರಿಕೆಗಳು' ಅನ್ನುವುದು ಸಾಲುಸಾಲಾಗಿ!

ಒಂದು ಗುರುವಾರ ನಾವಿಬ್ಬರೂ ಊಟಕ್ಕೆ ಮನೆಗೆ ಬಂದಾಗ ಇವಳು ಬಡಿಸದೆ ನಿಂತಿದ್ದಾಳೆ. ಕೈಯಲ್ಲಿ ಫೋನು, ಮುಖ ಬಿಳಿಚಿದೆ.

"ರೀ, ಅಕ್ಕಂಗೆ ಆಪರೇಷನ್ ಅಂತೆ ಕಣ್ರೀ!"

ನನಗೆ ಆಪರೇಷನ್ ಅನ್ನುವುದು ಕೇಳಿಸಲೇ ಇಲ್ಲ. ಅಕ್ಕ ಅನ್ನುವುದಷ್ಟೇ ಕೇಳಿಸಿತು. ಆ ಮಾತು ಇವಳ ಬಾಯಿಂದ ಹೊರಟು ಎರಡು ಯುಗಾದಿ ದಾಟಿತ್ತು.

"ಇಲ್ಲ ಕಣಮ್ಮಾ, ಅದು ಪಕ್ಕದ್ಮನೆಯವ್ರಿಗೆ ಹುಡುಕಿದ್ದು. ಹೋದ ಸಲದ್ದೇ ಮತ್ತೆ ಬಂದಿದೆ, ಅಷ್ಟೇ" ಅಂದರು ಷಡ್ಡಕರು.

"ನನ್ನೆದುರಿಗೆ ಸುಳ್ಳು ಹೇಳ್ಬೇಡಿ ಭಾವ. ಒಂದೇ ವಿಷಯಾನ ಯಾರಾದ್ರೂ ಇಷ್ಟು ಸಲ ಗಂಟು ಹಾಕ್ತಾರಾ? ಎಷ್ಟು ನೋವಿರ್ಬೇಕು ಅವ್ಳಿಗೆ! ನೀವೆಂಥ ಗಂಡಸ್ರು? ಅವಳು ಅಲ್ಲಿ ನರಳ್ತಾ ಇದ್ರೆ ಇಲ್ಲಿ ಬಂದು ಸ್ಟೂಲ್ ಮೇಲೆ ಕೂತಿದೀರಾ?"

"ಅಲ್ಲಮ್ಮಾ, ಬ್ರೌಸರ್ರು..."

"ಬ್ರೌಸರ್ ಮನೆ ಹಾಳಾಗ್ಲಿ. ಆ ಹಳೇದನ್ನ ನನ್ನ ಫೋನಿಗೆ ಹಾಕ್ಕೊಡಿ. ನಾನೇ ಒಳಗೆ ಹೋಗಿ ನೋಡ್ತೀನಿ."

ಷಡ್ಡಕರು ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಇಷ್ಟು ವರ್ಷದಲ್ಲಿ ನಮ್ಮಿಬ್ಬರಿಗೂ ಒಂದೇ ಯೋಚನೆ ಬಂದದ್ದು ಅದೇ ಮೊದಲು. ಇಬ್ಬರೂ ಬಾಯಿ ಮುಚ್ಚಿಕೊಂಡೆವು. ಅವರು ಹಳೇ ಬ್ರೌಸರ್ ಹಾಕಿ, ಪಾಸ್‌ವರ್ಡು ಕೊಟ್ಟು ಫೋನನ್ನು ಇವಳ ಕೈಗಿಟ್ಟರು. ಇವಳು ಒತ್ತಿದಳು. ಪರದೆಯ ಮೇಲೆ ಚಕ್ರ ಸುತ್ತಲು ಶುರುವಾಯಿತು. ಪ್ರಶ್ನೆ ಗುಬ್ಬಿಗೆ ಹೋಯಿತು.

ಚಕ್ರ ಸುತ್ತಿತು, ಸುತ್ತಿತು, ನಿಂತಿತು. ಯಾರೂ ಉತ್ತರ ಕೊಡಲಿಲ್ಲ, ಮತ್ತೆ ಪ್ರಯತ್ನಿಸಿ ಅಂತ ಬಂತು.

"ಮಲಗಿರ್ತಾಳೆ" ಅಂದರು ಷಡ್ಡಕರು.

"ನೋಡಿ ಸುಮ್ನಾಗಿರ್ತಾಳೆ" ಅಂದಳು ಇವಳು. ಅಂದು, ಸೆರಗಿನಲ್ಲಿ ಬೆರಳು ಒರೆಸಿಕೊಂಡು ಇನ್ನೊಮ್ಮೆ ಒತ್ತಿದಳು. ಸಾರು ಆರುತ್ತಿತ್ತು. ನನ್ನ ಗೇಟುಗಳನ್ನು ಎಷ್ಟೋ ಜನ ತಟ್ಟಿದ್ದಾರೆ, ತೆಗೆದಿದ್ದಾರೆ. ಒಂದು ಗೇಟು ತೆಗೆಯಲಿ ಅಂತ ನಾನು ಉಸಿರು ಹಿಡಿದು ನಿಂತದ್ದು ಅವತ್ತೇ.

ತೆಗೆಯಿತು.

ಅಷ್ಟರಲ್ಲೇ ಷಡ್ಡಕರ ಫೋನು ಹೊಡೆದುಕೊಂಡಿತು. ಗಡಿಬಿಡಿಯಲ್ಲಿ ಸ್ಪೀಕರ್ ಒತ್ತಿಬಿಟ್ಟರು. ಅಕ್ಕನ ದನಿ: "ರೀ, ತುಮಕೂರಿಂದ ಯಾರೋ ಒಳಗೆ ಬರ್ತಾವ್ರೆ, ಬಿಡ್ಲಾ ಅಂತ ಕೇಳ್ತು. ಹೌದು ಅಂತ ಒತ್ತಿದೀನಿ. ನೀವು ಹಲ್ಲಿನ ಡಾಕ್ಟ್ರ ಹತ್ರಾನೇ ಇದೀರೋ, ಇಲ್ಲಾ ಅವಳ ಮನೇಲಿ ಊಟಕ್ಕೆ ಕೂತಿದೀರೋ?"

ಇವಳು ಫೋನು ಕಿತ್ತುಕೊಂಡಳು. "ಅಕ್ಕಾ, ಮಂಡಿ ಹೆಂಗಿದೆಯೇ?"

"ಬಾ ನೋಡು ಬಾ, ಕುದುರೆ ಹಂಗೆ ಓಡಾಡ್ತಾ ಇದೀನಿ" ಅಂದರು ಅಕ್ಕ. ಅನ್ನುತ್ತಾ ಅನ್ನುತ್ತಾ ದನಿ ಒಡೆಯಿತು.

ನಾವಿಬ್ಬರೂ ಹೊರಗೆ ಜಗುಲಿಗೆ ಬಂದು ಕೂತೆವು. ಕಿಟಕಿ ತೆರೆದಿತ್ತು. ಬೇಡ ಅಂದರೂ ಕೇಳಿಸಿತು. ಅಕ್ಕ ಹೇಳುತ್ತಿದ್ದರು: "ಅಮ್ಮ ನಿನ್ನ ಹೆಸರು ಎತ್ತಿದ್ಲು ಕಣೇ. ಕೊನೆ ಕೊನೆಗೆ ನನ್ನನ್ನೇ ನಿನ್ನ ಹೆಸರಿಟ್ಟು ಕರೀತಿದ್ಲು. ಹಗಲು ರಾತ್ರಿ ನೋಡ್ಕೊಂಡೋಳು ನಾನು, ಕರೆಯೋದು ನಿನ್ನನ್ನ. ನಂಗೆ ಹೊಟ್ಟೆ ಉರೀತು, ಅಂದ್ಬಿಟ್ಟೆ." ಇವಳು "ಬುಡು ಅಕ್ಕ, ಬುಡು" ಅನ್ನುತ್ತಿದ್ದಳು.

ಷಡ್ಡಕರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. "ಊಟ?" ಅಂದೆ. "ಇವತ್ತು ಸಿಗಲ್ಲ ಕಣಯ್ಯ" ಅಂದರು. ಇಬ್ಬರೂ ಹೋಟೆಲಿಗೆ ಹೋಗಿ ತಟ್ಟೆ ಇಡ್ಲಿ ತಿಂದೆವು.

ಈಗ ಎಲ್ಲಾ ಸರಿಯಾಗಿದೆ. ಗಂಟುಗಳು ಗುಬ್ಬಿಯಿಂದ ಇಲ್ಲಿಗೆ, ಇಲ್ಲಿಂದ ಗುಬ್ಬಿಗೆ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಬರುತ್ತವೆ, ಹೋಗುತ್ತವೆ. ಅಕ್ಕ-ತಂಗಿ ದಿನಾ ಗಂಟೆಗಟ್ಟಲೆ ಮಾತಾಡುತ್ತಾರೆ, ಎರಡು ವರ್ಷದ ಬಾಕಿ ಮಾತು ಇನ್ನೂ ಮುಗಿದಿಲ್ಲ. ರೈಲಿನಲ್ಲಿ ಏನನ್ನೂ ತರುವ ಅಗತ್ಯ ಬಿದ್ದಿಲ್ಲ.

ಗುರುವಾರ ಮಾತ್ರ ನನ್ನ ಸ್ಕೂಟರು ತಾನಾಗಿ ಸ್ಟೇಷನ್ನಿನ ಕಡೆ ತಿರುಗಲು ನೋಡುತ್ತದೆ. ಪ್ಯಾಸೆಂಜರ್ ಬರುವ ಹೊತ್ತಿಗೆ ಸದ್ದು ವರ್ಕ್‌ಶಾಪಿನವರೆಗೂ ಕೇಳಿಸುತ್ತದೆ, ಗಾಳಿ ಆ ಕಡೆಯಿಂದ ಬೀಸಿದರೆ. ಕಬ್ಬಿಣ ಕಾಯಿಸುವಾಗ ಎಷ್ಟು ಹಿಗ್ಗಿತು ಅಂತ ನನಗೆ ಈಗಲೂ ಗೊತ್ತಾಗುತ್ತದೆ. ಯಾಕೆ ಅಂತ ಹೇಳುವವರಿಲ್ಲ. ಹೋದ ವಾರ ತಡೆಯಲಾರದೆ ಫೋನು ಮಾಡಿದೆ.

"ಅಣ್ಣ, ಈ ಕಡೆ ಬರ್ಲೇ ಇಲ್ಲ?"

"ಬಂದು ಏನ್ ಮಾಡ್ಲಯ್ಯಾ? ಎಲ್ಲಾ ತಾನಾಗೇ ಬರ್ತಾ ಇದೆಯಲ್ಲ?"

ಎಲ್ಲಾ ಬರ್ತಿದೆ ಅಣ್ಣ, ನೀವು ಬರ್ತಿಲ್ಲ ಅಂತ ಹೇಳಬೇಕೆಂದುಕೊಂಡೆ. ಅದರ ಬದಲು "ಹಲ್ಲು ನೋವು ಹೆಂಗಿದೆ?" ಅಂದೆ. "ಇತ್ತೀಚೆಗೆ ಸ್ವಲ್ಪ ಜಾಸ್ತಿನೇ ಆಗಿದೆ ಕಣಯ್ಯ" ಅಂದರು.

ಈಗ ನನ್ನ ಹತ್ತಿರ ಇರುವುದು ಇಷ್ಟು: ವರ್ಕ್‌ಶಾಪು ಒಂದು, ವೆಲ್ಡಿಂಗ್ ಸೆಟ್ಟು ಎರಡು, ಕೆಲಸದವರು ನಾಲ್ಕು ಜನ, ಸ್ವಂತ ಮನೆ ಒಂದು, ಶುಗರ್ ಮಾತ್ರೆ ದಿನಕ್ಕೆ ಎರಡು. ಹೆಂಡತಿ ಒಬ್ಬಳು, ಫೋನಿನಲ್ಲಿದ್ದಾಳೆ. ಷಡ್ಡಕರು ಒಬ್ಬರು, ಗುಬ್ಬಿಯಲ್ಲಿದ್ದಾರೆ.